ಗರಗಸ ಹಿಡಿಯೋಕೆ ಬಡಗಿಯೇ ಆಗಬೇಕಾ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಓದುಗರ ಪತ್ರದಲ್ಲಿ ಒಬ್ಬರು ಬರೆದಿದ್ದರು, ಹವ್ಯಾಸ ಅನ್ನೋದು ದುಡ್ಡಿದ್ದವರಿಗೆ ಮಾತ್ರ, ನಮ್ಮಂಥವರಿಗೆ ಮೊಬೈಲೇ ಗತಿ ಅಂತ. ಓದಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ. ನಾನು ದಾವಣಗೆರೆಯಲ್ಲಿ ಮನೆಯಲ್ಲೇ ರವಿಕೆ ಹೊಲಿಯುವವಳು, 22 ವರ್ಷದಿಂದ ಅದೇ ಹೊಟ್ಟೆಪಾಡು. ರಾತ್ರಿ ಊಟ ಆದ ಮೇಲೆ ಮಷಿನ್ ಮುಚ್ಚಿ, ಅದೇ ಮೂಲೆಯಲ್ಲಿ ಇನ್ನೊಂದು ಕೆಲಸಕ್ಕೆ ಕೂರುತ್ತೇನೆ. ಕೂದಲೆಳೆಯಂಥ ಬ್ಲೇಡಿನ ಗರಗಸದಲ್ಲಿ ಹಲಗೆ ಕೊರೆದು ಚಿತ್ತಾರ ಬಿಡಿಸೋದು. ಕೈಯಲ್ಲಿ ಆಡಿಸುವ ಗರಗಸಕ್ಕೆ ಫ್ರೆಟ್ ಸಾ ಅಂತಾರೆ, ಕರೆಂಟಿನದಕ್ಕೆ ಸ್ಕ್ರೋಲ್ ಸಾ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರು, ಅಂದರೆ ಮರದೊಳಗೆ ಬೇರೆ ಬಣ್ಣದ ತುಂಡು ಕೂರಿಸಿ ಚಿತ್ರ ಮಾಡುವವರು, ಆನೆ, ಬಳ್ಳಿ ಎಲ್ಲ ಕೊಯ್ಯೋದು ಇಂಥದೇ ಸಣ್ಣ ಗರಗಸದಲ್ಲಿ.

ಶುರುವಾಗಿದ್ದು 2017ರಲ್ಲಿ. ಅಡುಗೆ ಮನೆ ಕಪಾಟಿಗೆ ಬಾಗಿಲು ಮಾಡೋಕೆ ಬಂದ ಬಡಗಿ ಹಿತ್ತಲಲ್ಲಿ ಒಂದು ರಾಶಿ ಪ್ಲೈವುಡ್ ತುಂಡು ಬಿಟ್ಟಿದ್ದರು. ನೀರೊಲೆಗೆ ಹಾಕೋಣ ಅಂತ ಆರಿಸುತ್ತಿದ್ದೆ. ಅವರ ಚೀಲದಲ್ಲಿ ಬಿಲ್ಲಿನ ಹಾಗೆ ಬಾಗಿದ ಒಂದು ಗರಗಸ ಕಂಡಿತು. ಇದೇನಪ್ಪ ಅಂತ ಕೇಳಿದೆ. ಬಾಗಿಲ ಮುಂದೆ ನಾನು ಬೆಳಗ್ಗೆ ಹಾಕಿದ್ದ ರಂಗೋಲಿ ತೋರಿಸಿ, "ಇದರಲ್ಲಿ ಅದನ್ನೇ ಕೊಯ್ಯಬಹುದು ನೋಡ್ರಿ ಅಕ್ಕಾರೆ" ಅಂದರು. ಮಾರನೇ ದಿನ ಮಂಡಿಪೇಟೆಗೆ ಹೋಗಿ ಒಂದು ಫ್ರೇಮು, ಒಂದು ಡಜನ್ ಬ್ಲೇಡು ತಂದೆ. ಎಲ್ಲಾ ಸೇರಿ 300 ರೂಪಾಯಿ ಒಳಗೇ ಆಯಿತು. ಹಲಗೆಗೆ ಕಾಸಿಲ್ಲ, ನೀರೊಲೆಯ ಪಾಲಿನದೇ. ಅಂಗಡಿಯವರು "ಮನೆಯವರಿಗಾ?" ಅಂತ ಕೇಳಿದರು. ನನಗೇ ಅಂದಾಗ ಒಂದು ಸಲ ಮುಖ ನೋಡಿ ಚಿಲ್ಲರೆ ಎಣಿಸಿದರು. ನಮ್ಮತ್ತೆಯೂ ಬಿಡಲಿಲ್ಲ, ಹೆಣ್ಣುಮಕ್ಕಳ ಕೈಗೆ ಗರಗಸ ಯಾಕೆ ಅಂತ ಒಂದು ತಿಂಗಳು ಅಂದರು. ಈಗ ಅವರ ದೇವರ ಮನೆ ಬಾಗಿಲಿಗೆ ನಾನು ಕೊರೆದ ಜಾಲರಿಯೇ ಇದೆ, ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಾರೆ.

ಮೊದಲ ದಿನ 7 ಬ್ಲೇಡ್ ಮುರಿದೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಆಸೆಯಿಂದ ತಂದವರಲ್ಲಿ ಎಷ್ಟೋ ಜನ ಬಿಡೋದು ಇಲ್ಲೇ. ನಾನು ಬ್ಲೇಡನ್ನೇ ಉಲ್ಟಾ ಹಾಕಿದ್ದೆ. ಹಲ್ಲು ಯಾವಾಗಲೂ ಕೆಳಮುಖ ಇರಬೇಕು, ಕೈಗರಗಸದಲ್ಲಿ ಹಿಡಿಯ ಕಡೆಗೆ. ಉಲ್ಟಾ ಇದ್ದರೆ ಪ್ರತಿ ಸಲವೂ ಹಲಗೆ ಮೇಲಕ್ಕೆ ನೆಗೆಯುತ್ತದೆ, ಬ್ಲೇಡ್ ಬಾಗಿ ಟಪ್ ಅನ್ನುತ್ತದೆ. ಹಲ್ಲು ಎಷ್ಟು ಸಣ್ಣ ಅಂದರೆ ಕಣ್ಣಿಗೆ ಕಾಣೋದಿಲ್ಲ, ಅದಕ್ಕೆ ಒಂದು ಬಟ್ಟೆ ಚೂರಿನಿಂದ ಮೆಲ್ಲಗೆ ಸವರಿ ನೋಡಿ. ಮೇಲಿನಿಂದ ಕೆಳಕ್ಕೆ ಜಾರಬೇಕು, ಕೆಳಗಿನಿಂದ ಮೇಲಕ್ಕೆ ಸಿಕ್ಕಿಕೊಳ್ಳಬೇಕು. ಆಮೇಲೆ ಬಿಗಿ. ಬೆರಳಲ್ಲಿ ಮೀಟಿದರೆ ತಂತಿಯ ಹಾಗೆ ಟಿಂಗ್ ಅನ್ನಬೇಕು. ಡಬ್ ಅಂದರೆ ಸಡಿಲ ಇದೆ ಅಂತ ಅರ್ಥ. ಸಡಿಲ ಬ್ಲೇಡ್ ಮರದೊಳಗೆ ಹೊಟ್ಟೆ ಬಿಟ್ಟುಕೊಂಡು ಹೋಗುತ್ತದೆ, ಮೇಲೆ ಗೆರೆ ಸರಿ ಕಂಡರೂ ತಿರುಗಿಸಿ ನೋಡಿದರೆ ಕೆಳಗೆ ಸೊಟ್ಟ.

ಇನ್ನೊಂದು ವಿಷಯ ನನಗೆ ಯಾರೂ ಹೇಳಲಿಲ್ಲ, ಸುಮಾರು ಒಂದು ವರ್ಷ ನನ್ನ ಕೈಯನ್ನೇ ಬೈದುಕೊಂಡೆ. ಗೆರೆ ಮೇಲೆ ನೇರ ತಳ್ಳುತ್ತಿದ್ದರೂ ಬ್ಲೇಡ್ ಒಂದು ಕಡೆಗೇ ಎಳೆಯುತ್ತಿತ್ತು. ತಪ್ಪು ಕೈಯದಲ್ಲ. ಈ ಬ್ಲೇಡುಗಳಿಗೆ ಹಲ್ಲು ಮಾಡುವಾಗ ಒಂದು ಬದಿಗೆ ಚೂರು ಮುಳ್ಳು ಉಳಿಯುತ್ತದೆ, ಸಾಮಾನ್ಯವಾಗಿ ಬಲಕ್ಕೆ. ಆ ಬದಿ ಜಾಸ್ತಿ ಕೊಯ್ಯುತ್ತದೆ. ಹಾಗಾಗಿ ಹಲಗೆಯನ್ನೇ ಸ್ವಲ್ಪ ಓರೆ ಹಿಡಿದು ತಳ್ಳಬೇಕು. ಹಳೇ ಹೊಲಿಗೆ ಮಷಿನ್ ಬಟ್ಟೆಯನ್ನು ಒಂದು ಕಡೆಗೆ ಎಳೆದರೆ ನಾವು ಅದಕ್ಕೆ ತಕ್ಕ ಹಾಗೆ ಕೈ ಕೊಡೋದಿಲ್ವಾ, ಹಂಗೇ. ಗೊತ್ತಾದ ದಿನ ಅಳು ಬಂದಿತ್ತು, ಸುಳ್ಳಲ್ಲ.

ನಿಜ ಹೇಳಬೇಕೆಂದರೆ ಹೊಲಿಗೆ ಬರುವವರಿಗೆ ಇದು ಅರ್ಧ ಗೊತ್ತಿರುವ ಕೆಲಸ. ಸೂಜಿ ಮೇಲೆ ಕೆಳಗೆ ಆಡುತ್ತದೆ, ನಾವು ಬಟ್ಟೆ ತಿರುಗಿಸುತ್ತೇವೆ. ಇಲ್ಲಿ ಬ್ಲೇಡ್ ಆಡುತ್ತದೆ, ಹಲಗೆ ತಿರುಗಿಸಬೇಕು. ಒತ್ತಿ ತಳ್ಳಬಾರದು, ಮೆಲ್ಲಗೆ ಒದಗಿಸಬೇಕು. ಮೂಲೆ ಬಂದಾಗ ನಿಂತಲ್ಲೇ ಬ್ಲೇಡ್ ಆಡುತ್ತಿರಲಿ, ಅದರ ಸುತ್ತ ಹಲಗೆ ತಿರುಗಲಿ. ನಾಲ್ಕು ರವಿಕೆಯ ಬಟ್ಟೆ ಒಟ್ಟಿಗೆ ಇಟ್ಟು ಕತ್ತರಿಸುತ್ತೇವಲ್ಲ, ತೆಳು ಪ್ಲೈ ಮೂರು ಹಾಳೆ ಸುತ್ತಲೂ ಟೇಪ್ ಸುತ್ತಿ ಹಾಗೇ ಒಟ್ಟಿಗೆ ಕೊರೆಯಬಹುದು. ಒಂದು ಮಗಳಿಗೆ, ಒಂದು ಪಕ್ಕದ ಮನೆಗೆ, ಒಂದು ನನಗೆ.

ಚಿತ್ರ ಅಂಟಿಸೋಕೆ ಮೊದಮೊದಲು ಮೈದಾ ಅಂಟು ಬಳಸುತ್ತಿದ್ದೆ. ಆಮೇಲೆ ಕಾಗದ ಬಿಡಿಸೋಕೆ ಒದ್ದೆ ಮಾಡಿದರೆ ಪ್ಲೈ ಉಬ್ಬಿಕೊಂಡು ಹಪ್ಪಳ ಆಗುತ್ತಿತ್ತು. ಈಗ ಪೇಂಟಿನವರು ಅಂಟಿಸುವ ಕಾಗದದ ಟೇಪನ್ನು ಹಲಗೆಗೆ ಹಾಕಿ, ಅದರ ಮೇಲೆ ಚಿತ್ರ ಅಂಟಿಸುತ್ತೇನೆ. ಕೆಲಸ ಮುಗಿದ ಮೇಲೆ ಟೇಪ್ ಕಿತ್ತರೆ ಎಲ್ಲಾ ಒಟ್ಟಿಗೆ ಬರುತ್ತದೆ. ಸಾಗುವಾನಿಯಂಥ ಗಟ್ಟಿ ಮರ ಆದರೆ ಚಿತ್ರದ ಮೇಲೆ ಪಾರ್ಸೆಲ್ಲಿಗೆ ಹಾಕುವ ಪ್ಯಾಕಿಂಗ್ ಟೇಪ್ ಒಂದು ಪದರ. ಬ್ಲೇಡ್ ಬಿಸಿಯಾಗಿ ಮರ ಕಪ್ಪಗಾಗೋದು ಅದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಕರೆಂಟಿನ ಯಂತ್ರ ಬಂದಿದ್ದು 2019ರಲ್ಲಿ, ಚೀಟಿ ಎತ್ತಿದ ದುಡ್ಡಲ್ಲಿ. 16 ಇಂಚಿನದು. ಅಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಜಾಗ ಅಷ್ಟು, ಅದಕ್ಕಿಂತ ದೊಡ್ಡ ಹಲಗೆ ತಿರುಗಿಸೋಕೆ ಹೋದರೆ ತಗುಲುತ್ತದೆ. ಬ್ಲೇಡಿನ ಉದ್ದ 5 ಇಂಚು. ಇಲ್ಲೊಂದು ಎಚ್ಚರಿಕೆ. ಬ್ಲೇಡಿನಲ್ಲಿ ಎರಡು ಜಾತಿ, ತುದಿಗೆ ಅಡ್ಡ ಪಿನ್ ಇರೋದು, ಪಿನ್ ಇಲ್ಲದ್ದು. ಚಿತ್ತಾರದ ಒಳಗಿನ ಕಿಂಡಿ ಕೊರೆಯೋಕೆ ಮೊದಲು ಡ್ರಿಲ್‌ನಲ್ಲಿ ತೂತು ಹಾಕಿ, ಬ್ಲೇಡ್ ಬಿಚ್ಚಿ ಅದರೊಳಗೆ ತೂರಿಸಿ ಮತ್ತೆ ಬಿಗಿಯಬೇಕು. ಪಿನ್ ಇದ್ದರೆ ಅದು ನುಗ್ಗೋಕೆ ದೊಡ್ಡ ತೂತೇ ಬೇಕು, ಸಣ್ಣ ಕೆಲಸ ಅಲ್ಲಿಗೆ ಮುಗೀತು. ನನಗೆ ಮಾರಿದವರು ಎರಡೂ ಕೂರುತ್ತದೆ ಅಂದಿದ್ದರು, ಬಂದ ಮೇಲೆ ನೋಡಿದರೆ ಪಿನ್ನಿನದು ಮಾತ್ರ. ವಾಪಸ್ ತಗೊಳ್ಳಲಿಲ್ಲ. ಪಿನ್ ಇಲ್ಲದ ಬ್ಲೇಡ್ ಹಿಡಿಯುವ ಬೇರೆ ಹಿಡಿಕೆ ಹುಡುಕಿ ಹಾಕಿಸೋಕೆ ನಾಲ್ಕು ತಿಂಗಳು ಹಿಡಿಯಿತು. ತಗೊಳ್ಳುವವರು ಎದುರಿಗೆ ಹಾಕಿಸಿ ನೋಡಿ ತಗೊಳ್ಳಿ. ಆದರೆ ನನ್ನನ್ನು ಕೇಳಿದರೆ ಮೊದಲ ಆರು ತಿಂಗಳು ಯಂತ್ರದ ಸುದ್ದಿಗೇ ಹೋಗಬೇಡಿ. ಕೈಗರಗಸ ಕಲಿಸೋದನ್ನು ಯಂತ್ರ ಕಲಿಸೋದಿಲ್ಲ, ಕರೆಂಟ್ ಹೋದರೆ ಕೈಗರಗಸ ನಿಲ್ಲೋದೂ ಇಲ್ಲ.

ನನ್ನ ದೊಡ್ಡ ಸೋಲು ಸಂತೆಬೆನ್ನೂರಿನ ಪುಷ್ಕರಣಿಯದು. ನೀರಿನ ನಡುವೆ ಇರುವ ಆ ಮಂಟಪದ ಫೋಟೋ ನೋಡಿ ನಾನೇ ಗೆರೆ ಬಿಡಿಸಿದೆ. ಕಮಾನು, ಕಂಬ, ಮೇಲೆ ಗೋಪುರ. ಹಳೇ ಕಿಟಕಿಯ ಸಾಗುವಾನಿ ಹಲಗೆ ಸಿಕ್ಕಿತ್ತು, ಬಣ್ಣ ಜೇನಿನ ಹಾಗೆ. ಮೂರು ರಾತ್ರಿ ಒಳಗಿನ ಕಿಂಡಿಗಳನ್ನೆಲ್ಲ ತೆಗೆದೆ. ಒಳಗಿನದು ಮೊದಲು, ಹೊರಗಿನ ಅಂಚು ಕೊನೆಗೆ, ಅದು ಗೊತ್ತಿತ್ತು. ನಾಲ್ಕನೇ ರಾತ್ರಿ ಕೊನೇ ಕಮಾನಿನ ಹತ್ತಿರ ಬಂದಾಗ ಎಡಗಡೆಯ ಕಂಬ ಸದ್ದೇ ಇಲ್ಲದೆ ಮುರಿದು ಕೈಗೆ ಬಂತು. ಬ್ಲೇಡ್ ಅದನ್ನು ಮುಟ್ಟಿಯೂ ಇರಲಿಲ್ಲ. ಮರದ ಎಳೆ ಅಡ್ಡಕ್ಕೆ ಓಡಿತ್ತು, ಕಂಬ ನಿಂತಿದ್ದು ಉದ್ದಕ್ಕೆ. ಬೆಂಕಿಕಡ್ಡಿ ದಪ್ಪದ ಕಂಬಕ್ಕೆ ಎಳೆ ಅಡ್ಡ ಇದ್ದರೆ ನಿಲ್ಲೋದು ಹೇಗೆ? ಬಟ್ಟೆಯನ್ನು ಅಡ್ಡ ನೂಲಿಗೆ ಕತ್ತರಿಸಬಾರದು ಅಂತ 22 ವರ್ಷದಿಂದ ಕಲಿಯೋಕೆ ಬರುವ ಹುಡುಗಿಯರಿಗೆಲ್ಲ ಹೇಳುತ್ತೇನೆ, ನಾನೇ ಮರದಲ್ಲಿ ಅದನ್ನು ಮಾಡಿದ್ದೆ. ನಮ್ಮನೆಯವರು ಎದ್ದು ಬಂದು ನೋಡಿ, ಏನೂ ಅನ್ನದೆ ಎರಡು ಲೋಟ ಟೀ ಮಾಡಿ ತಂದರು. ಮುರಿದ ಮಂಟಪ ಈಗಲೂ ಮಷಿನ್ ಮೇಲಿನ ಗೋಡೆಯಲ್ಲಿದೆ. ಆಮೇಲಿನದನ್ನು ಪ್ಲೈಯಲ್ಲಿ ಮಾಡಿದೆ. ಅದರಲ್ಲಿ ಪದರದಿಂದ ಪದರಕ್ಕೆ ಎಳೆ ಅಡ್ಡ ಉದ್ದ ಬರೋದರಿಂದ ಸಣ್ಣ ಕಂಬವೂ ನಿಲ್ಲುತ್ತದೆ. ಹೊಸಬರು ಪ್ಲೈಯಿಂದಲೇ ಶುರುಮಾಡಿ.

ಮಕ್ಕಳಿಗೆ ಬಹಳ ಇಷ್ಟ ಆಗಿದ್ದು ನಕ್ಷೆ. ಜಿಗ್‌ಸಾ ಪಜಲ್ ಅಂತೀವಲ್ಲ, ಆ ಹೆಸರಲ್ಲೇ ಗರಗಸ ಇದೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನುವ ನಕ್ಷೆಗಾರ ಭೂಪಟವನ್ನು ಹಲಗೆಗೆ ಅಂಟಿಸಿ, ಗಡಿಯ ಗೆರೆ ಹಿಡಿದು ಕೊಯ್ದು ಮಕ್ಕಳಿಗೆ ಭೂಗೋಳ ಕಲಿಯೋಕೆ ಮಾರುತ್ತಿದ್ದ. ನಾನು 2017ರಲ್ಲಿ ನಮ್ಮ ಜಿಲ್ಲೆಯದನ್ನೇ ಮಾಡಿದೆ. 1997ರಲ್ಲಿ ಈ ಜಿಲ್ಲೆ ಹುಟ್ಟಿದ್ದೂ ಪಜಲ್ ಜೋಡಿಸಿದ ಹಾಗೇ ಅಲ್ವಾ: ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಆರು ತುಂಡು, ಆರು ಬಣ್ಣ. ಹರಪನಹಳ್ಳಿ ನನ್ನ ತವರು, ಅದಕ್ಕೆ ಅರಿಶಿನ ಬಣ್ಣ ಹಚ್ಚಿದ್ದೆ. 2018ರಲ್ಲಿ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಯಿತು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ನಾನು ಹೊಸ ಹಲಗೆ ತಗೊಂಡೆ. ಆಮೇಲೆ ಇಡೀ ರಾಜ್ಯದ್ದು ಮಾಡೋಣ ಅಂತ 30 ಜಿಲ್ಲೆ ಕೊರೆದು ಮುಗಿಸಿದೆ, 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆ ಬಂತು, ನನ್ನ ತವರು ಅದಕ್ಕೆ ಸೇರಿತು. ಪಕ್ಕದ ಮನೆ ಹುಡುಗ ಬಂದು, "ಆಂಟಿ, ಇದು ತಪ್ಪು, 31 ಇರಬೇಕು" ಅಂತ ಹಲಗೆ ಮುಂದೆ ಹಿಡಿದ. ಸರ್ಕಾರದವರು ಪೆನ್ನಲ್ಲಿ ಒಂದು ಗೆರೆ ಎಳೆದು ಬಿಡುತ್ತಾರೆ, ಕೊಯ್ಯುವವರು ನಾವು! ಬಳ್ಳಾರಿಯ ತುಂಡನ್ನು ಅವನ ಕೈಯಲ್ಲೇ ಕೊಯ್ಯಿಸಿದೆ. ಅವನು ಮಾಡಿದ ಮೊದಲ ಕೆಲಸ ಅದು. ಗಡಿ ಸ್ವಲ್ಪ ಆಚೀಚೆ ಆಗಿದೆ, ಎರಡೂ ಕಡೆಯವರು ಕ್ಷಮಿಸಬೇಕು.

ಹೆದರುವವರಿಗೆ ಒಂದು ಮಾತು. ಈ ಬ್ಲೇಡ್ ಚಕ್ರದ ಗರಗಸದ ಹಾಗೆ ತಿರುಗೋದಿಲ್ಲ, ಮೇಲೆ ಕೆಳಗೆ ಆಡುತ್ತದೆ, ಕೈಯನ್ನು ಎಳೆದುಕೊಂಡು ಹೋಗುವಂಥದ್ದಲ್ಲ. ಹಾಗಂತ ಬೆರಳಿಗೆ ತಾಗಿದರೆ ರಕ್ತ ಬಾರದೆ ಇರುತ್ತಾ? ಬ್ಲೇಡಿನ ನೇರ ಎದುರಿಗೆ ಬೆರಳು ಇಡಬೇಡಿ, ಪಕ್ಕದಲ್ಲಿಡಿ. ಸೆರಗು ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಗಾಜಿನ ಬಳೆ ತೆಗೆದಿಡಿ. ಕನ್ನಡಕ ಬೇಕು, ಮುರಿದ ಬ್ಲೇಡಿನ ತುಂಡು ಹಾರುತ್ತದೆ. ಮೂಗಿಗೆ ಮಾಸ್ಕ್ ಕಡ್ಡಾಯ. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆಯ ಧೂಳಂತೂ ಹಿಟ್ಟಿನ ಹಾಗೆ ಏಳುತ್ತದೆ, ಅದನ್ನು ಮನೆಯೊಳಗೆ ಕೊರೆಯಲೇಬೇಡಿ.

ಈಗ ಸಂಪಾದಕರಲ್ಲಿ ನನ್ನ ಕೇಳಿಕೆ. ನೀವು ಭಾನುವಾರ ಪದಬಂಧ ಹಾಕುತ್ತೀರಿ, ರಂಗೋಲಿ ಹಾಕುತ್ತೀರಿ. ಅದರ ಪಕ್ಕದಲ್ಲಿ ಅಂಗೈ ಅಗಲದ ಒಂದು ಕೊರೆಯುವ ಚಿತ್ರ ಹಾಕಿ, ತೆಗೆಯುವ ಜಾಗಕ್ಕೆ ಬೂದು ಬಣ್ಣ ಇದ್ದರೆ ಸಾಕು. ಪೇಪರ್ ಕತ್ತರಿಸಿ ಹಾಗೇ ಹಲಗೆಗೆ ಅಂಟಿಸಬಹುದು, ಜೆರಾಕ್ಸ್ ಖರ್ಚೂ ಉಳಿಯುತ್ತದೆ. ಇಂಟರ್ನೆಟ್ಟಿನಲ್ಲಿ ಚಿತ್ರ ಬೇಕಾದಷ್ಟಿವೆ, ಎಲ್ಲಾ ಜಿಂಕೆ, ಕರಡಿ, ಕ್ರಿಸ್‌ಮಸ್ ಗಿಡ. ನಮಗೆ ಬೇಕಾದ ಬಾಳೆಗೊನೆ, ಬಸವಣ್ಣ, ದುರ್ಗದ ಕೋಟೆಯ ಬಾಗಿಲು ಅಲ್ಲಿ ಸಿಗೋದು ಕಷ್ಟ.

ಮೊದಲನೆಯದನ್ನು ನಾನೇ ಬಿಡಿಸಿ ಈ ಪತ್ರದ ಜೊತೆ ಇಟ್ಟಿದ್ದೇನೆ, ಗಿಣಿ. ಒಳಗೆ ಎರಡೇ ತೂತು, ಒಂದು ಕಣ್ಣಿಗೆ, ಒಂದು ರೆಕ್ಕೆಗೆ. ಕಾಲಿಂಚು ಪ್ಲೈ, 3ನೇ ನಂಬರ್ ಗಾತ್ರದ ಬ್ಲೇಡ್ ಸಾಕು. ಅಚ್ಚು ಹಾಕುವಾಗ ದಯವಿಟ್ಟು ಅಳತೆ ಕುಗ್ಗಿಸಬೇಡಿ. ಕೊಕ್ಕಿನ ಹತ್ತಿರ ಗೆರೆ ಒತ್ತೊತ್ತಾಗಿ ಬಂದರೆ ಹೊಸಬರ ಬ್ಲೇಡ್ ಅಲ್ಲೇ ಮುರಿಯೋದು.

— ನಿಮ್ಮ ಓದುಗರಲ್ಲಿ ಒಬ್ಬಳು, ದಾವಣಗೆರೆ