ಸಂಸದರೇ, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳ ಲೆಕ್ಕವನ್ನೂ ಕೇಳಿ

ದಕ್ಷಿಣ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರ.

ಸಾರ್, ಇದು ಹೊಸ ರೈಲು ಕೇಳುವ ಪತ್ರ ಅಲ್ಲ. ಬೆಂಗಳೂರಿಗೆ ಇನ್ನೊಂದು ರಾತ್ರಿ ಗಾಡಿ ಬಿಡಿ, ಮುಂಬೈ ರೈಲಿಗೆ ಎರಡು ಬೋಗಿ ಜಾಸ್ತಿ ಹಾಕಿ ಎನ್ನುವ ಮನವಿಗಳು ನಿಮ್ಮ ಕಚೇರಿಯಲ್ಲಿ ರಾಶಿ ಬಿದ್ದಿರಬೇಕು. ನನ್ನದು ಒಂದೇ ಪ್ರಶ್ನೆ, ಸ್ವಲ್ಪದರಲ್ಲಿ ತಪ್ಪಿದ ರೈಲು ಅಪಘಾತಗಳ ಲೆಕ್ಕ ಎಲ್ಲಿ ಅಂತ. ಅದನ್ನು ನೀವು ಲೋಕಸಭೆಯಲ್ಲಿ ಕೇಳಬೇಕು. ಖರ್ಚೇನೂ ಇಲ್ಲ, ಒಂದು ಬುಧವಾರ ಸಾಕು. ಉತ್ತರ ಕೊಡುವ ರೈಲ್ವೆಯ ಸರದಿ ಬುಧವಾರವೇ ಬರುವುದು ಅಲ್ವಾ?

ರೈಲು ಸುರಕ್ಷತೆ ಬಗ್ಗೆ ಯಾವ ಸದಸ್ಯರು ಏನು ಕೇಳಿದರೂ ಸಚಿವಾಲಯದಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. 2014-15ರಲ್ಲಿ 135 ದೊಡ್ಡ ಅಪಘಾತ ಆಗಿದ್ದವು, 2024-25ರಲ್ಲಿ ಅದು 31ಕ್ಕೆ ಇಳಿದಿದೆ. ರೈಲುಗಳು ಹತ್ತು ಲಕ್ಷ ಕಿಲೋಮೀಟರ್ ಓಡಿದರೆ ಆಗುವ ಅಪಘಾತ 0.11 ಇದ್ದದ್ದು 0.03 ಆಗಿದೆ. ಪ್ರಶ್ನೆಯನ್ನು ಐದು ಭಾಗ ಮಾಡಿ ಕೇಳಿದರೂ ಐದಕ್ಕೂ ಸೇರಿಸಿ ಇದೇ ಪಟ್ಟಿ ಲಗತ್ತಿಸಿ ಕೈ ತೊಳೆದುಕೊಳ್ಳುತ್ತಾರೆ. ಸಂಖ್ಯೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಳಿ ಬದಲಾಯಿಸಿದ್ದಾರೆ, ಬ್ರಾಡ್‌ಗೇಜ್‌ನಲ್ಲಿ ಕಾವಲುಗಾರರಿಲ್ಲದ ಗೇಟುಗಳನ್ನು 2019ರ ಹೊತ್ತಿಗೆ ತೆಗೆದುಹಾಕಿದ್ದಾರೆ, ಹಳೇ ಬೋಗಿಗಳ ಜಾಗಕ್ಕೆ ಹೆಚ್ಚು ಸುರಕ್ಷಿತವಾದ ಎಲ್‌ಎಚ್‌ಬಿ ಬೋಗಿಗಳು ಬಂದಿವೆ. ಅದಕ್ಕೆಲ್ಲ ಶಹಬ್ಬಾಸ್ ಹೇಳಲೇಬೇಕು.

ಆದರೆ ಆ 31ರ ಪಟ್ಟಿಗೆ ಸೇರಬೇಕಾದರೆ ಜೀವ ಹೋಗಿರಬೇಕು, ಗಾಯ ಆಗಿರಬೇಕು, ಇಲ್ಲವೇ ನಷ್ಟ ಇಷ್ಟು ರೂಪಾಯಿ ದಾಟಿರಬೇಕು, ಸಂಚಾರ ಇಷ್ಟು ಗಂಟೆ ನಿಂತಿರಬೇಕು. ಅದಕ್ಕಿಂತ ಕೆಳಗಿನದು ಬೇರೆ ಕಡತಕ್ಕೆ ಹೋಗುತ್ತದೆ. ಕೆಂಪು ಸಿಗ್ನಲ್ ದಾಟಿ ಮುಂದೆ ಹೋಗಿ ನಿಂತ ರೈಲು, ಸ್ವಲ್ಪದರಲ್ಲಿ ತಪ್ಪಿದ ಡಿಕ್ಕಿ, ಬಿರುಕು ಬಿಟ್ಟ ಹಳಿ, ಇದೆಲ್ಲ ಇಲಾಖೆಯ ಒಳಗೆ ದಾಖಲಾಗುತ್ತದೆ. ನಮಗೆ ಕಾಣಿಸುವುದಿಲ್ಲ. ಬ್ರೇಕ್ ಸವೆದಿದ್ದರೂ ಇನ್ನೂ ಬಿದ್ದಿಲ್ಲವಲ್ಲ, ಹಾಗಾಗಿ ಬೈಕ್ ಸರಿ ಇದೆ ಅಂದ ಹಾಗಾಯಿತು ಇದು.

ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. 2023ರ ಫೆಬ್ರವರಿ 8ರಂದು ಬೀರೂರು-ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ತಪ್ಪು ಹಳಿಗೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಗಮನಿಸಿ ಗಾಡಿ ನಿಲ್ಲಿಸಿದರು, ಡಿಕ್ಕಿ ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದು, ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ, ಸರಿ ಮಾಡದಿದ್ದರೆ ಇದು ಮತ್ತೆ ನಡೆದು ದೊಡ್ಡ ಅನಾಹುತ ಆಗಬಹುದು ಎಂದು ಎಚ್ಚರಿಸಿದರು. ನಾಲ್ಕು ತಿಂಗಳು ಕಳೆಯಲಿಲ್ಲ. ಜೂನ್ 2ರಂದು ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್‌ನಲ್ಲಿ ಮುಖ್ಯ ಹಳಿಯಲ್ಲಿ ಹೋಗಬೇಕಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಲೈನ್‌ಗೆ ನುಗ್ಗಿ ನಿಂತಿದ್ದ ಗೂಡ್ಸ್‌ಗೆ ಗುದ್ದಿತು, ಅದರ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲಿಗೂ ಬಡಿದವು, 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್‌ನ ವೈರಿಂಗ್ ಬದಲಿಸುವ ಕೆಲಸದಲ್ಲಿ ಆದ ತಪ್ಪೇ ಕಾರಣ ಅಂತ ತನಿಖೆಯಲ್ಲಿ ಬಂತು.

ಎರಡೂ ಕಡೆಯ ತಾಂತ್ರಿಕ ದೋಷ ಅಕ್ಷರಶಃ ಒಂದೇ ಅಂತ ನಾನು ಹೇಳುವುದಿಲ್ಲ, ಬಗೆ ಮಾತ್ರ ಒಂದೇ. ಸಿಗ್ನಲ್ ಒಂದು ಹೇಳುತ್ತದೆ, ಪಾಯಿಂಟ್ ಇನ್ನೊಂದು ಕಡೆ ತಿರುಗಿರುತ್ತದೆ. ಆ ಎಚ್ಚರಿಕೆ ಪತ್ರ ಜನರ ಕಣ್ಣಿಗೆ ಬಿದ್ದದ್ದು ಇಷ್ಟು ಹೆಣ ಬಿದ್ದ ಮೇಲೆ. ಹೊಸದುರ್ಗ ರೋಡ್‌ನಲ್ಲಿ ಯಾರಿಗೂ ಏನೂ ಆಗಲಿಲ್ಲ ನೋಡಿ, ಹಾಗಾಗಿ ಹೆಮ್ಮೆಯಿಂದ ತೋರಿಸುವ ಆ ಪಟ್ಟಿಯಲ್ಲಿ ಅದು ಸೊನ್ನೆ.

ನಮ್ಮ ಕರಾವಳಿಯದ್ದೂ ಒಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಕುಮಟಾ-ಹೊನ್ನಾವರ ನಡುವೆ ಹಳಿಯ ಜೋಡಣೆಯಲ್ಲಿ ವೆಲ್ಡಿಂಗ್ ದೋಷ ಇದ್ದದ್ದನ್ನು ಟ್ರ್ಯಾಕ್‌ಮ್ಯಾನ್ ಒಬ್ಬರು ನೋಡಿದರು. ಅವರು ಹಳಿ ಮೇಲೆ ಓಡಿ ಹೋಗಿ ರಾಜಧಾನಿ ಎಕ್ಸ್‌ಪ್ರೆಸ್ ನಿಲ್ಲಿಸಿದರು. ಅವರಿಗೆ ಬಹುಮಾನ ಕೊಟ್ಟರು, ಪೇಪರಿನಲ್ಲಿ ಫೋಟೋ ಬಂತು. ಕೊಡಲೇಬೇಕಿತ್ತು, ಇನ್ನೂ ಜಾಸ್ತಿ ಕೊಡಬಹುದಿತ್ತು. ಆದರೆ ಆ ವೆಲ್ಡಿಂಗ್ ಹಾಗೆ ಯಾಕೆ ಇತ್ತು, ಅಂಥದ್ದು ಆ ವರ್ಷ ಎಷ್ಟು ಸಿಕ್ಕಿದವು, ಹಿಂದಿನ ವರ್ಷಕ್ಕಿಂತ ಜಾಸ್ತಿಯಾ ಕಡಿಮೆಯಾ ಎನ್ನುವುದನ್ನು ನಾವು ಎಲ್ಲಿಯೂ ಓದಲಿಲ್ಲ.

ತಪಾಸಣೆಯ ಕಥೆ ಕೇಳಿ. ಹಳಿ ತಪ್ಪುವ ಪ್ರಕರಣಗಳ ಬಗ್ಗೆ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2022ರಲ್ಲಿ ವರದಿ ಕೊಟ್ಟಿತ್ತು. ಹಳಿಯ ಸ್ಥಿತಿ ಅಳೆಯುವ ವಿಶೇಷ ಬೋಗಿಗಳ ಓಡಾಟದಲ್ಲೇ ಶೇಕಡ 30ರಿಂದ 100ರವರೆಗೆ ಕೊರತೆ ಅಂತ ಅದರಲ್ಲಿದೆ. 100 ಅಂದರೆ ಆಗಬೇಕಾದ ಕಡೆ ತಪಾಸಣೆ ಆಗಲೇ ಇಲ್ಲ ಅಂತ. ಸುರಕ್ಷತೆಗೆ ಅಂತಲೇ 2017-18ರಲ್ಲಿ ಐದು ವರ್ಷಕ್ಕೆ ಒಂದು ಲಕ್ಷ ಕೋಟಿಯ ನಿಧಿ ಮಾಡಿದ್ದರು, ರೈಲ್ವೆ ತನ್ನ ಪಾಲು ವರ್ಷಕ್ಕೆ 5,000 ಕೋಟಿ ಹಾಕಬೇಕಿತ್ತು, ಅಷ್ಟು ಹಾಕಲಿಲ್ಲ ಎಂದೂ ಸಿಎಜಿ ಹೇಳಿದೆ. ಅಪಘಾತದ ಸಂಖ್ಯೆ ಇಳಿಯುತ್ತಿದ್ದ ವರ್ಷಗಳೇ ಇವು.

ಈಗ ಮಂಗಳೂರಿನ ಗೋಳಿಗೆ ಬರುತ್ತೇನೆ. ನಮ್ಮಲ್ಲಿ ರೈಲ್ವೆ ಅಂದರೆ ಒಂದಲ್ಲ, ಮೂರು. ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ. ಬಂಟ್ವಾಳ, ಪುತ್ತೂರು, ಸುಬ್ರಹ್ಮಣ್ಯ ಕಡೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ. ತೋಕೂರಿನಿಂದ ಆಚೆ ಸುರತ್ಕಲ್, ಉಡುಪಿ, ಕುಂದಾಪುರ ಎಲ್ಲ ಕೊಂಕಣ ರೈಲ್ವೆ ಎಂಬ ಪ್ರತ್ಯೇಕ ನಿಗಮಕ್ಕೆ. ಟಿಕೆಟ್ ಒಂದೇ, ಹಳಿಯೂ ಒಂದಕ್ಕೊಂದು ಅಂಟಿಕೊಂಡೇ ಇದೆ, ಲೆಕ್ಕ ಮಾತ್ರ ಮೂರು ಊರಲ್ಲಿ. 2019ರ ಆಗಸ್ಟ್‌ನಲ್ಲಿ ಕುಲಶೇಖರದಲ್ಲಿ ಗುಡ್ಡ ಜರಿದು ಕೊಂಕಣ ಕಡೆಯ ರೈಲುಗಳು ದಿನಗಟ್ಟಲೆ ಅಸ್ತವ್ಯಸ್ತವಾದವು. 2024ರ ಜುಲೈಯಲ್ಲಿ ಬೆಂಗಳೂರು ಮಾರ್ಗದ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಹೋಗಿ ಘಾಟಿ ಬಂದ್ ಆಯಿತು. ರೈಲು ಬರುವ ಮೊದಲೇ ಗೊತ್ತಾಯಿತು, ನಮ್ಮ ಪುಣ್ಯ. ಒಂದು ಪಾಲಕ್ಕಾಡಿನ ಕಡತ, ಇನ್ನೊಂದು ಮೈಸೂರಿನ ಕಡತ.

ಪುಣ್ಯ ಕೈ ಕೊಟ್ಟದ್ದೂ ನಮಗೆ ಗೊತ್ತು. 2001ರ ಜೂನ್ 22ರಂದು ಮಂಗಳೂರಿನಿಂದ ಹೊರಟ ಚೆನ್ನೈ ಮೇಲ್ ಕೇರಳದ ಕಡಲುಂಡಿ ಸೇತುವೆಯಿಂದ ಹೊಳೆಗೆ ಬಿತ್ತು, 50ಕ್ಕೂ ಹೆಚ್ಚು ಜನ ಹೋದರು. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೋಗುತ್ತಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಜಾರಿಬಿದ್ದ ಬಂಡೆಗಳಿಗೆ ಗುದ್ದಿತು. ಮರುವರ್ಷ ಜೂನ್‌ನಲ್ಲಿ ನಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸೂ ಅದೇ ಮಾರ್ಗದಲ್ಲಿ ಬಂಡೆಗೆ ಸಿಕ್ಕಿ ಹಳಿ ತಪ್ಪಿತು. ಈಗ ಮಳೆಗಾಲದಲ್ಲಿ ವೇಗ ಕಡಿಮೆ ಮಾಡುತ್ತಾರೆ, ರಾತ್ರಿ ಹಗಲು ಗಸ್ತು ಹಾಕುತ್ತಾರೆ, ಗುಡ್ಡಕ್ಕೆ ಬಲೆ ಕಟ್ಟುತ್ತಾರೆ. ಗಾಡಿ ತಡ ಆಯಿತು ಅಂತ ಗೊಣಗುವವರು ಈ ಹೆಸರುಗಳನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಹೀಗೆ ಪ್ರತಿ ಪಾಠವನ್ನೂ ಹೆಣ ಎಣಿಸಿಯೇ ಕಲಿಯಬೇಕಾ?

ಹಾಗಾಗಿ ಕೇಳಬೇಕಾದ್ದು ಇದು. ಮಂಗಳೂರಿಗೆ ಬರುವ ಮೂರೂ ಮಾರ್ಗಗಳಲ್ಲಿ ಕಳೆದ ಐದು ವರ್ಷ, ವರ್ಷವಾರು, ಎಷ್ಟು ರೈಲು ಕೆಂಪು ಸಿಗ್ನಲ್ ದಾಟಿದವು, ಎಷ್ಟು ಕಡೆ ಹಳಿ ಅಥವಾ ವೆಲ್ಡಿಂಗ್ ಮುರಿದದ್ದು ಸಿಕ್ಕಿತು, ಎಷ್ಟು ಸಲ ಗುಡ್ಡ ಜರಿಯಿತು, ಎಷ್ಟು ತಪಾಸಣೆ ಆಗಬೇಕಿತ್ತು, ಎಷ್ಟು ಆಯಿತು? ಕೊಂಕಣ ರೈಲ್ವೆಯ ಅಂಕಿಗಳನ್ನು ದೇಶದ ಲೆಕ್ಕದಲ್ಲಿ ಎಲ್ಲಿ ಸೇರಿಸಿದ್ದೀರಿ? ಮುಂದೆ ಇದನ್ನು ಪ್ರತಿ ವರ್ಷ ನಾವು ಕೇಳದೆಯೇ ಪ್ರಕಟಿಸುತ್ತೀರಾ? ಕೊಂಕಣ ರೈಲ್ವೆಯಲ್ಲಿ ಕರ್ನಾಟಕ ಸರ್ಕಾರದ್ದೂ ಪಾಲು ಇದೆ, ಆ ನಿಗಮವನ್ನು ಭಾರತೀಯ ರೈಲ್ವೆಗೆ ಸೇರಿಸುವ ಮಾತೂ ನಡೆದಿದೆ. ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಹೀಗೆಲ್ಲ ಪ್ರಕಟಿಸಿದರೆ ಸಿಬ್ಬಂದಿ ಹೆದರಿ ಮುಚ್ಚಿಡುತ್ತಾರೆ ಎನ್ನುವ ಮಾತು ಬರುತ್ತದೆ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಲೋಕೋ ಪೈಲಟ್‌ನ ಹೆಸರು ನಮಗೆ ಬೇಡ, ಎಷ್ಟು ಸಲ ಆಯಿತು, ಯಾವ ಮಾರ್ಗ, ಏನು ಸರಿ ಮಾಡಿದಿರಿ, ಇಷ್ಟು ಸಾಕು. ಬ್ರಿಟನ್‌ನಲ್ಲಿ ರೈಲು ಅಪಘಾತ ತನಿಖೆಗೆ 2005ರಿಂದ ಪ್ರತ್ಯೇಕ ಸಂಸ್ಥೆ ಇದೆ, ತಪ್ಪು ಹೊರಿಸುವುದು ಅದರ ಕೆಲಸವೇ ಅಲ್ಲ, ತನಿಖಾ ವರದಿಯನ್ನು ಯಾರು ಬೇಕಾದರೂ ಓದಬಹುದು. ನಮ್ಮಲ್ಲೂ ರೈಲ್ವೆ ಸುರಕ್ಷತಾ ಆಯುಕ್ತರು ಇದ್ದಾರೆ, ರೈಲ್ವೆಯ ಕೈಕೆಳಗೆ ಇರಬಾರದು ಅಂತಲೇ ಅವರನ್ನು ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಇಟ್ಟಿದ್ದಾರೆ. ಸ್ವತಂತ್ರ ಸುರಕ್ಷತಾ ಪ್ರಾಧಿಕಾರವೇ ಬೇಕು ಅಂತ ರೈಲು ಸುರಕ್ಷತೆ ಬಗ್ಗೆ ನೇಮಿಸಿದ್ದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿತ್ತು. ಅದಾಗುವವರೆಗೆ ಆಯುಕ್ತರ ಪೂರ್ತಿ ವರದಿಯನ್ನಾದರೂ ನಮಗೆ ಓದಲು ಕೊಡಿ ಅಂತ ಅದೇ ಪ್ರಶ್ನೆಯ ಕೊನೆಗೆ ಸೇರಿಸಿ.

ಉಡುಪಿ-ಚಿಕ್ಕಮಗಳೂರು ಸಂಸದರೂ ಜೊತೆಗೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು, ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಹತ್ತುವವರಿಗೂ ಇದೇ ಹಳಿ ತಾನೇ. ಪ್ರಶ್ನೆಗೆ ಹದಿನೈದು ದಿನ ಮೊದಲೇ ನೋಟಿಸ್ ಕೊಡಬೇಕಂತೆ, ಹಾಗಾಗಿ ಅಧಿವೇಶನದ ದಿನಾಂಕ ಬಂದ ಕೂಡಲೇ ಕಳಿಸಿ. ಉತ್ತರ ಬಂದ ದಿನ ಅನುಬಂಧದ ಪಟ್ಟಿ ಸಮೇತ ನಿಮ್ಮ ಪೇಜಿನಲ್ಲಿ ಹಾಕಿ. ಇಂಗ್ಲಿಷ್‌ನಲ್ಲೇ ಇದ್ದರೂ ಪರವಾಗಿಲ್ಲ, ಕನ್ನಡ ನಾವೇ ಮಾಡಿಕೊಳ್ಳುತ್ತೇವೆ.

ಇಂತಿ,
ಸುರತ್ಕಲ್‌ನ ಒಬ್ಬ ರೈಲು ಪ್ರಯಾಣಿಕ