ಕಾರವಾರದ ಚರ್ಚಿನಲ್ಲಿ ಸಿಕ್ಕ ಅಕ್ಕನಿಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟು ನಿಂತರೆ ನಮ್ಮ ದುಡಿಮೆಯೂ ನಿಂತಿತು. ಸಾಲ ಕೊಟ್ಟವರು ಮಾತ್ರ ನಿಲ್ಲುವುದಿಲ್ಲ ನೋಡಿ! ಬೋಟಿನ ಪಾಲು ಮಾರಬೇಕೋ ಬೇಡವೋ ತಿಳಿಯದೆ, ಪೂಜೆ ಮುಗಿದ ಮೇಲೂ ಸುಮ್ನೆ ಕೂತಿದ್ದೆ.

ನೀವು ಉಪದೇಶ ಮಾಡಲಿಲ್ಲ ಅಕ್ಕಾ. ಬೈಬಲ್‌ನಲ್ಲಿ ಯಾಕೋಬನ ಪತ್ರಿಕೆ 1:5 ತೆರೆದು ಕೊಟ್ಟಿರಿ. ಜ್ಞಾನ ಕಡಿಮೆ ಇರುವವರು ಕೇಳಲಿ, ದೇವರು ಬೈಯದೆ ಕೊಡುತ್ತಾನೆ ಅಂತ ಅಲ್ಲಿದೆ. ಮನೆಯಲ್ಲಿ, ಓಣಿಯಲ್ಲಿ ಬೈಗುಳವನ್ನೇ ಕೇಳಿದವನಿಗೆ ಅದು ಎಷ್ಟು ಹಿತ, ಅಲ್ವಾ? ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಶಾಂತಿಯ ಮಾತು ಬರೆದದ್ದು ಸೆರೆಯಲ್ಲಿದ್ದಾಗ ಅಂತಲೂ ಹೇಳಿದಿರಿ.

ಸಾಲ ಇನ್ನೂ ಇದೆ. ಆದರೆ ರಾತ್ರಿ ನಿದ್ದೆ ಬರುತ್ತಿದೆ. ಪಾಲು ಮಾರಲಿಲ್ಲ, ಸಾಲ ಕೊಟ್ಟವರನ್ನು ಕಂತಿಗೆ ಒಪ್ಪಿಸಿದೆ. ತುಂಬಾ ಥ್ಯಾಂಕ್ಸ್ ಅಕ್ಕಾ. ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ಒಂದು ಬುಟ್ಟಿ ಬಂಗಡೆ ನಿಮಗೆ.