ಸೆಟ್ ಬಿಟ್ಟು ಬಂದ ಮಗಳಿಗೆ

ಪುಟ್ಟಿ,

ಫೋನಿನಲ್ಲಿ ಮಾತು ಜೋರಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕ್ಲೈಮ್ಯಾಕ್ಸ್ ಬದಲಾಯಿಸಿ ಅಂದರು ಅಂತ ಶೂಟಿಂಗ್ ಬಿಟ್ಟು ಎದ್ದು ಬಂದೆ. ಬೈದರೆ, "ಲಿನ್ ರಾಮ್ಸೆ ಬಿಟ್ಟು ಬರಲಿಲ್ವಾ ಅಪ್ಪಾ?" ಅಂದೆ. ಯಾರಪ್ಪಾ ಇದು ಅಂತ ಕೂತು ಓದಿದೆ. ಸ್ಕಾಟ್ಲೆಂಡಿನ ಸಿನಿಮಾ ನಿರ್ದೇಶಕಿ.

ನಿಜ. 2013ರಲ್ಲಿ 'ಜೇನ್ ಗಾಟ್ ಎ ಗನ್' ಶೂಟಿಂಗ್ ಶುರುವಾಗುವ ಹೊತ್ತಿಗೆ ಆಯಮ್ಮ ಹೊರಬಂದರು. ಸಿನಿಮಾ ಬೇರೆಯವರು ಮುಗಿಸಿದರು. ಪ್ರೊಡ್ಯೂಸರ್‌ಗಳು ಕೇಸ್ ಹಾಕಿದರು, ಆರೋಪವನ್ನು ಇವರು ಒಪ್ಪಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅವರು ಮೂರು ಸಿನಿಮಾ ಮಾಡಿ ಆಗಿತ್ತು. ಗ್ಲಾಸ್ಗೊದವರು, ಫಿಲ್ಮ್ ಸ್ಕೂಲಿನಲ್ಲಿ ಕ್ಯಾಮೆರಾ ಕಲಿತವರು. ಓದು ಮುಗಿಸುವಾಗ ಮಾಡಿದ ಕಿರುಚಿತ್ರಕ್ಕೇ 1996ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಬಹುಮಾನ. ನೀನೇನು ಮಾಡಿದ್ದೀಯ ಅಂತ ಕೇಳುತ್ತಿಲ್ಲ. ಕೇಳಿದ ಹಾಗೇ ಆಯ್ತು, ಇರಲಿ.

'ರ‍್ಯಾಟ್‌ಕ್ಯಾಚರ್' ನೋಡಿದೆ, ಅವರ ಮೊದಲ ಸಿನಿಮಾ. 1973ರ ಗ್ಲಾಸ್ಗೊ, ಕಸ ಎತ್ತುವವರ ಮುಷ್ಕರ, ಬೀದಿ ತುಂಬ ಚೀಲ, ಇಲಿ. ಆ ಹುಡುಗ ಬಸ್ ಹತ್ತಿ ಕೊನೇ ಸ್ಟಾಪಿಗೆ ಹೋಗುತ್ತಾನಲ್ಲ, ಅರ್ಧ ಕಟ್ಟಿದ ಮನೆ, ಗಾಜಿಲ್ಲದ ಕಿಟಕಿ, ಆಚೆ ಹೊಲ. ಕಿಟಕಿ ಹಾರಿ ಓಡುತ್ತಾನೆ. "ಇದರಲ್ಲಿ ಕತೆ ಎಲ್ಲಿದೆ?" ಅಂದಳು ನಿಮ್ಮಮ್ಮ. ನನ್ನ ಮಗಳು ಇಂಥದ್ದನ್ನು ತೆಗೆಯಬೇಕು ಅಂತ ಹೊರಟಿದ್ದಾಳಲ್ಲ ಅಂತ ನನಗೆ ಖುಷಿಯೇ ಆಯ್ತು.

ನಿದ್ದೆ ಕೆಡಿಸಿದ್ದು ಅವರ ಸಿನಿಮಾಗಳು ಬಂದ ವರ್ಷಗಳ ಲೆಕ್ಕ. 1999, 2002, ಆಮೇಲೆ 2011! ನಡುವೆ ಒಂಬತ್ತು ವರ್ಷ. 'ದಿ ಲವ್ಲಿ ಬೋನ್ಸ್' ಕಾದಂಬರಿಗೆ ಚಿತ್ರಕಥೆ ಬರೆಯುತ್ತಿದ್ದರು. ಪುಸ್ತಕ ಸಿಕ್ಕಾಪಟ್ಟೆ ಮಾರಾಟವಾಯಿತು, ಸಿನಿಮಾ ಪೀಟರ್ ಜಾಕ್ಸನ್ ಅನ್ನೋ ಇನ್ನೊಬ್ಬ ನಿರ್ದೇಶಕರ ಕೈಗೆ ಹೋಯಿತು. 2011 ಆದಮೇಲೆ 2017, ಅದಾದಮೇಲೆ 2025. ಒಟ್ಟು ಐದು ಸಿನಿಮಾ. 2017ರದ್ದಕ್ಕೆ ಕಾನ್‌ನಲ್ಲಿ ಚಿತ್ರಕಥೆಯ ಪ್ರಶಸ್ತಿ ಹಂಚಿಕೊಂಡರು, ಸರಿ. ನಾನು ಬ್ಯಾಂಕಿನಲ್ಲಿದ್ದವನು. ಆ ಒಂಬತ್ತು ವರ್ಷ ಬಾಡಿಗೆ ಹೇಗೆ ಕಟ್ಟಿದರು? ಹುಷಾರಿಲ್ಲದಾಗ ಯಾರಿದ್ದರು? ಮದುವೆ ಮನೆಗಳಲ್ಲಿ "ಈಗ ಏನ್ಮಾಡ್ತಿದ್ದಾಳೆ?" ಅಂದರೆ ಅವರಪ್ಪ ಏನು ಹೇಳುತ್ತಿದ್ದರು? ಗ್ಲಾಸ್ಗೊದಲ್ಲಿ ಹಾಗೆ ಕೇಳಲ್ಲವೇನೋ. ಇಲ್ಲಿ ಕೇಳ್ತಾರೆ. ನಾನು ಏನೋ ಒಂದು ಹೇಳಿಕೊಳ್ತೀನಿ, ಬಿಡು. ಆದರೆ ನೀನು? ಒಂಬತ್ತು ವರ್ಷ ಅಂದರೆ ನಿನಗೆ ಮೂವತ್ತೈದು ದಾಟಿರುತ್ತೆ.

ಭಾಷಣ ಮಾಡಬಾರದು ಅಂತಲೇ ಕೂತೆ. ಆದರೂ ಕೇಳು. ಎಡಿಟಿಂಗ್ ಕೆಲಸ ಬಿಡಬೇಡ. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿಡು. ಕ್ಲೈಮ್ಯಾಕ್ಸ್ ಯಾರ ಮಾತಿನಂತೆ ಅನ್ನೋದು ಮೊದಲೇ ಕಾಗದದಲ್ಲಿ ಬರಲಿ, ಬಾಯಿಮಾತು ಬೇಡ. ಎದ್ದು ಬರೋದೇ ಆದರೆ ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಬಾ.

ಈಗ ಆ ಅಗ್ರಿಮೆಂಟಿನ ಎಲ್ಲಾ ಪುಟ ಫೋಟೊ ತೆಗೆದು ಕಳಿಸು. ಅಡ್ವಾನ್ಸ್ ಎಷ್ಟು ತಗೊಂಡಿದ್ದೆ, ವಾಪಸ್ ಕೇಳ್ತಿದ್ದಾರಾ, ಅದನ್ನೂ ಬರಿ. ನನಗೆ ಗೊತ್ತಿರುವ ವಕೀಲರು ಭಾನುವಾರ ಸಿಗ್ತಾರೆ.

ನಿನ್ನ
ಅಪ್ಪ